ಕಠ್ಮಂಡುವಿಗೆ ಹೊರಟಿದ್ದೀರಾ? ಅವ್ವನ ಮಂಡಿ ಮೊದಲು, ಹೋಟೆಲ್ ಆಮೇಲೆ

ಪ್ರಶ್ನೆ: ಸರ್, ನಾವು ಬೀದರಿನವರು. ದಸರಾ ರಜೆಯಲ್ಲಿ ಕಠ್ಮಂಡುವಿಗೆ ಹೋಗಬೇಕು ಅಂತಿದ್ದೇವೆ. ಒಟ್ಟು ಆರು ಜನ. ನಾನು, ಹೆಂಡತಿ, 16 ವರ್ಷದ ಮಗಳು, 9 ವರ್ಷದ ಮಗ, 71ರ ಅಪ್ಪ, 66ರ ಅವ್ವ. ಅವ್ವನಿಗೆ ಮಂಡಿನೋವು ಇದೆ, ಆದರೂ ಪಶುಪತಿನಾಥನ ದರ್ಶನ ಆಗಲೇಬೇಕು ಅಂತಾರೆ. ಮಕ್ಕಳಿಗೆ ಹಿಮದ ಬೆಟ್ಟ ನೋಡುವ ಹುಚ್ಚು. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಬಸ್ಸು ಅಂತ ಲೆಕ್ಕ ಹಾಕಿದ್ದೇನೆ. ಥಮೇಲ್‌ನಲ್ಲಿ ಐದು ರಾತ್ರಿಗೆ ಒಂದು ಹೋಟೆಲ್ ನೋಡಿಟ್ಟಿದ್ದೇನೆ, ಇನ್ನೂ ದುಡ್ಡು ಕಟ್ಟಿಲ್ಲ. ಪಾಸ್‌ಪೋರ್ಟ್ ಯಾರಿಗೂ ಇಲ್ಲ. ಊಟ ಶುದ್ಧ ಸಸ್ಯಾಹಾರ. ಈ ಯೋಜನೆ ಸರಿಯಾಗಿದೆಯಾ?

ಉತ್ತರ: ಇನ್ನೂ ದುಡ್ಡು ಕಟ್ಟಿಲ್ಲ ಅಂದಿರಲ್ಲ, ಅದೇ ಪುಣ್ಯ. ಯಾಕಂದ್ರೆ ದಾರಿಯನ್ನೂ ಬದಲಿಸಿ, ಇಳಿದುಕೊಳ್ಳುವ ಜಾಗವನ್ನೂ ಬದಲಿಸಿ ಅಂತ ಹೇಳೋಕೆ ಹೊರಟಿದ್ದೇನೆ. ಕಲಬುರಗಿ, ಬೀದರ್ ಕಡೆಯ ಯಾತ್ರೆಯ ಮಂದಿಯನ್ನು ಕರಕೊಂಡು ಹೋಗಿ ಬರೋದು ನನ್ನ ಹೊಟ್ಟೆಪಾಡು. ಕಠ್ಮಂಡುವಿನಲ್ಲಿ ರೂಮು ಹುಡುಕುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಗುಂಪಿನಲ್ಲಿ ಮೆಟ್ಟಿಲು ಹತ್ತಲಾರದವರು ಯಾರು, ಬೆಳಿಗ್ಗೆ ಎದ್ದು ಅವರು ಎಲ್ಲಿಗೆ ಹೋಗಬೇಕು ಅಂತಾರೆ? ಅದಕ್ಕೆ ಉತ್ತರ ಸಿಕ್ಕರೆ ಅರ್ಧ ರೂಮು ಸಿಕ್ಕ ಹಾಗೆ. ನಿಮ್ಮ ಮನೆಯಲ್ಲಿ ಅದು ಅವ್ವ, ಹೋಗಬೇಕಾದ್ದು ಪಶುಪತಿನಾಥ.

ಮೊದಲು ಕಾಗದಪತ್ರ ಮುಗಿಸಿಬಿಡೋಣ. ಜಾಸ್ತಿ ಜನ ಎಡವೋದು ಇಲ್ಲೇ. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟೂ ಬೇಕೇಬೇಕು ಅಂತಿಲ್ಲ. ಆದರೆ ವಿಮಾನದಲ್ಲಿ ಹೋಗುವವರ ಹತ್ತಿರ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್, ಎರಡರಲ್ಲಿ ಒಂದು ಇರಬೇಕು. ಆಧಾರ್ ನಡೆಯುವುದಿಲ್ಲ. 15ರ ಒಳಗಿನ ಮಕ್ಕಳಿಗೆ, 65 ದಾಟಿದವರಿಗೆ ಮಾತ್ರ ಆಧಾರ್, ಪ್ಯಾನ್ ಕಾರ್ಡ್, ರೇಷನ್ ಕಾರ್ಡ್‌ನಂಥ ಫೋಟೋ ಇರುವ ಕಾಗದ ಒಪ್ಪುತ್ತಾರೆ. ಅಂದರೆ ನಿಮ್ಮ ಅಪ್ಪ, ಅವ್ವ, ಮಗ ಮೂವರಿಗೂ ತೊಂದರೆ ಇಲ್ಲ. ನೀವಿಬ್ಬರು ವೋಟರ್ ಕಾರ್ಡ್ ಹುಡುಕಿ ತೆಗೆದಿಡಿ. ಸಿಕ್ಕಿಬೀಳೋದು ಮಗಳು. ಅವಳಿಗೆ ವೋಟು ಹಾಕುವ ವಯಸ್ಸಾಗಿಲ್ಲ, ಆಧಾರ್ ರಿಯಾಯಿತಿಯ ವಯಸ್ಸು ದಾಟಿದೆ. 15ರಿಂದ 18ರ ನಡುವಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿ ಮಾಡಿದ ನಮೂನೆಯಲ್ಲಿ ಗುರುತಿನ ಪತ್ರ ಕೊಡಬೇಕು. ಅದನ್ನು ರಜೆ ಬೀಳುವ ಮುಂಚೆಯೇ ಸಹಿ ಮಾಡಿಸಿ. ಹೊರಡುವ ಹಿಂದಿನ ದಿನ ಹೆಡ್‌ಮಾಸ್ತರರ ಮನೆ ಹುಡುಕಿಕೊಂಡು ಬೀದರಿನಿಂದ ಭಾಲ್ಕಿಗೆ ಓಡಿದವರನ್ನು ನಾನು ನೋಡಿದ್ದೇನೆ. ಸಮಯ ಇದ್ದರೆ ಅವಳಿಗೊಂದು ಪಾಸ್‌ಪೋರ್ಟ್ ಮಾಡಿಸಿಬಿಡಿ, ಮುಂದೆ ಓದಿಗೂ ಬೇಕಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಗೋಳಿದೆ, ಅಡ್ಡಹೆಸರಿನದು. ವೋಟರ್ ಕಾರ್ಡಿನಲ್ಲಿ ಬರೀ ಹೆಸರು ಇರುತ್ತದೆ. ಟಿಕೆಟ್ ಮಾಡಿಸುವ ಹುಡುಗ ‘ಪಾಟೀಲ’ನೋ ‘ಬಿರಾದಾರ’ನೋ ಸೇರಿಸಿ ಹೊಡೆದುಬಿಡುತ್ತಾನೆ. ನಮ್ಮ ಗುಂಪಿನ ಹಿರಿಯರೊಬ್ಬರ ಕಾರ್ಡಿನಲ್ಲಿ ‘ಮಲ್ಲಿಕಾರ್ಜುನ’ಕ್ಕೆ ಇಂಗ್ಲಿಷಿನಲ್ಲಿ ಒಂದು ‘ಎಲ್’ ಕಮ್ಮಿ ಇತ್ತು. ದೆಹಲಿ ಕೌಂಟರಿನಲ್ಲಿ ಮುಕ್ಕಾಲು ತಾಸು ನಿಲ್ಲಿಸಿದರು. ಪಾಪ, ಅವರಿಗೆ ತಾವು ಏನು ತಪ್ಪು ಮಾಡಿದ್ದೇವೆ ಅಂತಲೇ ತಿಳಿಯಲಿಲ್ಲ. ಕಾರ್ಡಿನಲ್ಲಿ ಹೇಗಿದೆಯೋ ಟಿಕೆಟ್‌ನಲ್ಲೂ ಹಾಗೇ ಇರಲಿ, ತಪ್ಪಿದ್ದರೆ ತಪ್ಪೇ ಇರಲಿ. ಮನೆಯವರೆಲ್ಲ ಜೊತೆಗೆ ಹೋದರೆ ಕಾಗದದಲ್ಲಿ ಸ್ವಲ್ಪ ಸಡಿಲಿಕೆ ಉಂಟು ಅಂತ ಯಾರಾದರೂ ಹೇಳಬಹುದು. ಉಂಟು, ಆದರೆ ಕೌಂಟರಿನಲ್ಲಿ ಕೂತವರಿಗೆ ಅದು ಗೊತ್ತಿರಬೇಕಲ್ಲ? ಅದನ್ನು ನಂಬಿ ಹೊರಡಬೇಡಿ.

ಇನ್ನು ದಾರಿ. ನೀವು ಹಾಕಿದ ಲೆಕ್ಕ ನಕ್ಷೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಸಿಕಂದರಾಬಾದ್ ಕಡೆಯಿಂದ ಗೋರಖ್‌ಪುರಕ್ಕೆ ರೈಲಿದೆ, ದಿನಾ ಸಿಗುವುದಿಲ್ಲ, ಒಂದೂವರೆ ದಿನದ ಹತ್ತಿರದ ಪ್ರಯಾಣ. ಅಲ್ಲಿಂದ ಸೋನೌಲಿ ಗಡಿಗೆ ಸುಮಾರು 100 ಕಿ.ಮೀ. ಗಡಿ ಗೇಟನ್ನು ನಡೆದೇ ದಾಟಬಹುದು. ಆಚೆ ಭೈರಹವಾದಲ್ಲಿ ಬಸ್ಸು ಹತ್ತಿದರೆ ಕಠ್ಮಂಡು 270-280 ಕಿ.ಮೀ. ಇಷ್ಟೇನಾ ಅನಿಸುತ್ತೆ ಅಲ್ವಾ? ಬಸ್ಸಿನವನು ಎಂಟು ತಾಸು ಅಂತಾನೆ. ಹತ್ತಾಗುತ್ತದೆ, ಹನ್ನೆರಡೂ ಆಗುತ್ತದೆ. ಬೀದರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಅಷ್ಟು ಹೊತ್ತಿಗೆ ಬೆಂಗಳೂರು ಮುಟ್ಟಿ ಚಹಾ ಕುಡಿಯುತ್ತಿರುತ್ತೀರಿ, 700 ಕಿ.ಮೀ. ಹತ್ತಿರ ದಾಟಿ. ಇಲ್ಲಿ ಬುಟವಲ್‌ನಿಂದ ನಾರಾಯಣಘಾಟ್‌ವರೆಗೆ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ, ಬರೀ ಧೂಳು. ಅದು ಮುಗಿದರೆ ತ್ರಿಶೂಲಿ ನದಿಯ ಪಕ್ಕದ ಘಾಟಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ. 2024ರ ಜುಲೈ 12ರಂದು ಇದೇ ದಾರಿಯ ಸಿಮಲ್‌ತಾಲ್ ಹತ್ತಿರ ಗುಡ್ಡ ಜಾರಿ ಎರಡು ಬಸ್ಸುಗಳು ಜನರ ಸಮೇತ ನದಿಗೆ ಹೋದವು. ಮಳೆಗಾಲದಲ್ಲಂತೂ ಆ ದಾರಿಯಲ್ಲಿ ರಾತ್ರಿ ಬಸ್ಸು ಹತ್ತಲೇಬೇಡಿ. ದಸರಾ ಹೊತ್ತಿಗೆ ಮಳೆ ಹಿಂದೆ ಸರಿಯುತ್ತಿರುತ್ತದೆ, ಆದರೆ ನೆನೆದ ಗುಡ್ಡ ಅಷ್ಟು ಬೇಗ ಒಣಗುವುದಿಲ್ಲ. ಹರೆಯದ ಹುಡುಗರಾದರೆ ಹೋಗಿ ಬನ್ನಿ ಅಂತಿದ್ದೆ. ಮಂಡಿನೋವಿನವರನ್ನು ಕೂರಿಸಿಕೊಂಡು ಬೇಡ.

ರಕ್ಸೌಲ್–ಬೀರ್‌ಗಂಜ್ ಗಡಿಯ ದಾರಿಯೂ ಇದೆ. ಅಲ್ಲಿಂದ ಹೆಟೌಡಾ ಮೇಲೆ ಹಾದು ಗುಡ್ಡ ಏರಿ ಇಳಿಯುವ ಸಣ್ಣ ಜೀಪುಗಳು ಐದಾರು ತಾಸಿನಲ್ಲಿ ಕಠ್ಮಂಡು ಮುಟ್ಟಿಸುತ್ತವೆ, ಹೊಟ್ಟೆಯೊಳಗಿನದೆಲ್ಲ ಕಲಕಿ. ಆದರೆ ಬೀದರಿನವರಿಗೆ ಆ ದಿಕ್ಕಿನಲ್ಲಿ ಒಂದು ಸ್ವಾರಸ್ಯ ಇದೆ, ಹೇಳದೆ ಬಿಡಲಾರೆ. ಬೀರ್‌ಗಂಜ್‌ನ ಪೂರ್ವಕ್ಕೆ ಸಿಮ್ರೌನ್‌ಗಢ ಅಂತ ಹಾಳು ಕೋಟೆಯ ಊರು. ನಾನ್ಯದೇವ ಅನ್ನುವವನು 1097ರಲ್ಲಿ ಅಲ್ಲಿ ರಾಜ್ಯ ಕಟ್ಟಿದ. ಆ ವಂಶದ ಹೆಸರೇ ‘ಕರ್ಣಾಟ’. ನಿಮ್ಮ ಜಿಲ್ಲೆಯ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯರ ದಂಡು ಉತ್ತರಕ್ಕೆ ಹೋದಾಗ ಜೊತೆಗೆ ಹೋಗಿ ಅಲ್ಲೇ ನಿಂತವರು ಇವರು ಅನ್ನುತ್ತಾರೆ ಹಲವು ಇತಿಹಾಸಕಾರರು. ಬಸವಕಲ್ಯಾಣದ ಕೋಟೆ ನೋಡಿದ ಮಕ್ಕಳಿಗೆ ಈ ಕತೆ ಹೇಳಿ. ನೇಪಾಳ ಸ್ವಲ್ಪ ಹತ್ತಿರ ಅನಿಸುತ್ತದೆ.

ನನ್ನ ಸಲಹೆ ಇದು. ಬೀದರಿನಿಂದ ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಹೈದರಾಬಾದ್ ವಿಮಾನ ನಿಲ್ದಾಣ 150 ಕಿ.ಮೀ. ಆಸುಪಾಸು, ಕಾರಿನಲ್ಲಿ ಮೂರು ತಾಸು. ಅಲ್ಲಿಂದ ದೆಹಲಿ, ದೆಹಲಿಯಿಂದ ಕಠ್ಮಂಡು. ಎರಡನೆಯ ವಿಮಾನ ಎರಡು ತಾಸೂ ಹಾರುವುದಿಲ್ಲ. ಸಾಧ್ಯವಾದರೆ ಎರಡನ್ನೂ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. ಬೇರೆ ಬೇರೆ ಮಾಡಿಸಿದರೆ ದೆಹಲಿಯಲ್ಲಿ ಸಾಮಾನು ಇಳಿಸಿಕೊಂಡು ಮತ್ತೆ ಹಾಕಬೇಕು. ಇಳಿಯುವ ಟರ್ಮಿನಲ್ ಬೇರೆ, ಹತ್ತುವುದು ಬೇರೆ ಇರಬಹುದು, ನಡುವೆ ಬಸ್ಸು ಹಿಡಿಯಬೇಕು. ನಾಲ್ಕು ತಾಸಿಗಿಂತ ಕಮ್ಮಿ ಇಟ್ಟುಕೊಳ್ಳಬೇಡಿ. ಅವ್ವನಿಗೆ ಟಿಕೆಟ್ ಮಾಡಿಸುವಾಗಲೇ ವ್ಹೀಲ್‌ಚೇರ್ ಕೇಳಿ. ನಾನು ನಡೆಯುತ್ತೇನೆ ಅಂತಾರೆ, ಕೇಳಬೇಡಿ. ವ್ಹೀಲ್‌ಚೇರ್ ತಳ್ಳುವ ಹುಡುಗ ಇಮಿಗ್ರೇಷನ್ ಸಾಲನ್ನೂ ದಾಟಿಸಿಕೊಡುತ್ತಾನೆ.

ಖರ್ಚು ಜಾಸ್ತಿಯಾಯ್ತು ಅನಿಸಿದರೆ ನಡುವಿನ ದಾರಿ ಒಂದಿದೆ. ಕಲಬುರಗಿಗೆ ಬಂದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ. ಎಲ್ಲೂ ಬದಲಿಸದೆ ನೇರ ದೆಹಲಿ. ಅಲ್ಲಿ ಒಂದು ರಾತ್ರಿ ಮಲಗಿ ಮರುದಿನ ವಿಮಾನ. ರೈಲು ತಡವಾದರೂ ವಿಮಾನ ತಪ್ಪುವುದಿಲ್ಲ. ಅಪ್ಪನಂಥವರಿಗೆ ರೈಲೇ ಇಷ್ಟ ಅಂತ ಬೇರೆ ಹೇಳಬೇಕಿಲ್ಲ.

ಈಗ ಊರಿನ ಮಾತು. ಕಠ್ಮಂಡು ಅಂದರೆ ಹಿಮದಲ್ಲಿ ಕೂತ ಊರು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಬಟ್ಟಲಿನಂಥ ಕಣಿವೆ. ಸುತ್ತ ಹಸಿರು ಗುಡ್ಡ, ನಡುವೆ ಸಮತಟ್ಟು. ಮಂಜುಶ್ರೀ ಅನ್ನುವ ಬೋಧಿಸತ್ವ ಚೋಭಾರ್ ಹತ್ತಿರ ಗುಡ್ಡವನ್ನು ಕತ್ತಿಯಿಂದ ಸೀಳಿ ಕೆರೆಯ ನೀರು ಹರಿಸಿದ, ಆಮೇಲೆ ಜನ ನೆಲೆ ನಿಂತರು ಅಂತ ಅಲ್ಲಿನವರ ಕತೆ. ಒಂದು ಕಾಲಕ್ಕೆ ಅಲ್ಲಿ ಕೆರೆ ಇದ್ದದ್ದು ನಿಜ ಅಂತ ಭೂವಿಜ್ಞಾನಿಗಳೂ ಹೇಳುತ್ತಾರೆ. ಎತ್ತರ 1,300ರಿಂದ 1,400 ಮೀಟರ್. ಬೀದರ್ 700 ಚಿಲ್ಲರೆ. ಉಸಿರು ಕಟ್ಟುವಂಥ ಎತ್ತರ ಏನೂ ಅಲ್ಲ, ಲೇಹ್‌ಗೆ ಹೆದರಿದ ಹಾಗೆ ಹೆದರಬೇಡಿ. ಅಕ್ಟೋಬರಿನಲ್ಲಿ ಹಗಲು 25-26 ಡಿಗ್ರಿ, ರಾತ್ರಿ ಒಂದು ಸ್ವೆಟರ್ ಸಾಕು.

ಬಟ್ಟಲಿನೊಳಗೆ ಮೂರು ಹಳೇ ಪಟ್ಟಣ: ಕಠ್ಮಂಡು, ಬಾಗಮತಿ ನದಿಯ ಆಚೆ ಪಾಟನ್, 13 ಕಿ.ಮೀ. ಪೂರ್ವಕ್ಕೆ ಭಕ್ತಪುರ. ಮೊದಲೆರಡು ಬೆಳೆದು ಒಂದಕ್ಕೊಂದು ಅಂಟಿಕೊಂಡಿವೆ. ಕಿಲೋಮೀಟರ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಥಮೇಲ್‌ನಿಂದ ಪಶುಪತಿನಾಥಕ್ಕೆ ಐದು ಕಿ.ಮೀ. ಅಂತ ಫೋನು ತೋರಿಸುತ್ತದೆ. ಸಂಜೆ ಹೊತ್ತು ಟ್ಯಾಕ್ಸಿಯಲ್ಲಿ ಕೂತರೆ ಮುಕ್ಕಾಲು ತಾಸು. ಹಾಗಾಗಿ ಯಾವುದನ್ನು ದಿನಾ ನೋಡಬೇಕೋ ಅದರ ಕಾಲಬುಡದಲ್ಲೇ ಇಳಿದುಕೊಳ್ಳಬೇಕು.

ಥಮೇಲ್ ಕೆಟ್ಟ ಜಾಗ ಅಂತ ನಾನು ಹೇಳುವುದಿಲ್ಲ. ಚಾರಣದವರಿಗೆ, ಹರೆಯದವರಿಗೆ, ರಾತ್ರಿ ಹನ್ನೊಂದಕ್ಕೂ ಊಟ ಬೇಕು ಅನ್ನುವವರಿಗೆ ಅದೇ ಸರಿ. ಅಂಗಡಿ, ಹಣ ಬದಲಿಸುವವರು, ಸಿಮ್ ಮಾರುವವರು ಎಲ್ಲ ಅಲ್ಲೇ. ನಿಮಗೆ ಬೇಡ ಅನ್ನೋಕೆ ಮೂರು ಕಾರಣ. ಒಂದು, ರಾತ್ರಿ ಹಾಡಿನ ಗದ್ದಲ. ಎರಡು, ಕೆಲವು ಗಲ್ಲಿಗಳಿಗೆ ವಾಹನ ಬಿಡುವುದಿಲ್ಲ, ಪೆಟ್ಟಿಗೆ ಎಳಕೊಂಡು ನಡೆಯಬೇಕು. ಮೂರು, ಕಡ್ಡಿಪೆಟ್ಟಿಗೆ ನಿಲ್ಲಿಸಿದ ಹಾಗೆ ಎತ್ತರಕ್ಕೆ ಕಟ್ಟಿದ ಹೋಟೆಲ್‌ಗಳು. ಸಣ್ಣವುಗಳಲ್ಲಿ ಲಿಫ್ಟ್ ಇರುವುದಿಲ್ಲ, ಊಟದ ಕೋಣೆ ಮಾತ್ರ ಕಡೇ ಮಹಡಿಯಲ್ಲಿ. ಒಮ್ಮೆ ನಾನು ಫೋನಿನಲ್ಲಿ ಲಿಫ್ಟ್ ಇದೆಯಾ ಅಂತ ಕೇಳಿದೆ, ಇದೆ ಅಂದರು. ಹೋಗಿ ನೋಡಿದರೆ ನಿಜ, ಇತ್ತು. ಒಳಗೆ ಅಕ್ಕಿ ಚೀಲ ಜೋಡಿಸಿಟ್ಟಿದ್ದರು. ಅವತ್ತು ಆಳಂದದ ಇಬ್ಬರು ಅಜ್ಜಿಯರನ್ನು ನಾಲ್ಕನೇ ಮಹಡಿಗೆ ಕುರ್ಚಿಯಲ್ಲಿ ಕೂರಿಸಿ ಹೊತ್ತೆವು. ನಿಮ್ಮ ಮನೆಯವರಿಗೆ ಅಂಗಡಿ ನೋಡಬೇಕಿದ್ದರೆ ಒಂದು ಮಧ್ಯಾಹ್ನ ಥಮೇಲ್‌ಗೆ ಹೋಗಿ ಬನ್ನಿ, ಪಕ್ಕದ ಅಸನ್ ಪೇಟೆಯನ್ನೂ ಸುತ್ತಿ. ಶಾಲು ಗೀಲು ಅಸನ್‌ನಲ್ಲೇ ಅಗ್ಗ.

ಪಶುಪತಿನಾಥದ ಹತ್ತಿರ ಅಂದರೆ ಗೌಶಾಲಾ ಅನ್ನುವ ಚೌಕ. ವಿಮಾನ ನಿಲ್ದಾಣದಿಂದ ಎರಡು ಮೂರು ಕಿ.ಮೀ. ಯಾತ್ರಿಗಳಿಗೆ ಅಂತಲೇ ಧರ್ಮಶಾಲೆಗಳು, ಸಾಧಾರಣ ಲಾಡ್ಜುಗಳು, ಸಸ್ಯಾಹಾರಿ ಭೋಜನಾಲಯಗಳು ಅಲ್ಲಿ ಬೇಕಾದಷ್ಟು. ಗುಡಿ ಬಾಗಿಲು ಬೆಳಿಗ್ಗೆ ನಾಲ್ಕರ ಸುಮಾರಿಗೆ ತೆಗೆಯುತ್ತಾರೆ. ಅವ್ವ ಎದ್ದು ಸ್ನಾನ ಮಾಡಿ ಐದಕ್ಕೆಲ್ಲ ಹೋಗಿ ಬಂದುಬಿಡಬಹುದು, ಇದಕ್ಕಿಂತ ಏನು ಬೇಕು? ಒಳಗೆ ಬಿಡೋದು ಹಿಂದೂಗಳನ್ನು ಮಾತ್ರ. ಚರ್ಮದ ಬೆಲ್ಟು, ಪರ್ಸು ಒಳಗೆ ಒಯ್ಯಬೇಡಿ. ಫೋಟೋ ತೆಗೆಯುವಂತಿಲ್ಲ. ಲಿಂಗ ಮುಟ್ಟಿ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ದಕ್ಷಿಣದವರು, ಅದರಲ್ಲೂ ಕರ್ನಾಟಕದವರು. 2009ರ ಸುಮಾರಿಗೆ ಅವರ ಬದಲು ನೇಪಾಳಿ ಅರ್ಚಕರನ್ನು ಕೂರಿಸಲು ಹೋಗಿ ದೊಡ್ಡ ಗಲಾಟೆಯಾಯ್ತು, ಕಡೆಗೆ ಹಳೇ ಪದ್ಧತಿಯೇ ಉಳಿಯಿತು. ನಮ್ಮ ಗುಂಪಿನ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು ‘ನಮ್ಮ ಕಡೆಯವರೇನ್ರಿ?’ ಅಂತ ಕೂಗೇಬಿಟ್ಟರು. ಒಳಗಿದ್ದವರು ತಿರುಗಿ ನೋಡಿ ನಕ್ಕರು. ಅಜ್ಜಿಗೆ ಮೂರು ದಿನ ಅದೇ ಮಾತು.

ಒಂದು ವಿಷಯಕ್ಕೆ ಮಕ್ಕಳನ್ನು ಮೊದಲೇ ತಯಾರು ಮಾಡಿ. ಗುಡಿಯ ಪಕ್ಕದಲ್ಲೇ ಬಾಗಮತಿ ದಡದ ಘಾಟುಗಳಲ್ಲಿ ಹೆಣ ಸುಡುತ್ತಾರೆ, ಬಯಲಲ್ಲೇ, ಹಗಲೂ ರಾತ್ರಿ. ಸಂಜೆ ಆರತಿಯೂ ಅದರ ಎದುರಿನ ದಡದಲ್ಲೇ. ದೊಡ್ಡವರಿಗೆ ಅದೊಂದು ಅನುಭವ. ಒಂಬತ್ತು ವರ್ಷದ ಹುಡುಗ ರಾತ್ರಿ ನಿದ್ದೆ ಮಾಡದಿರಬಹುದು.

ಅದಕ್ಕೇ ನಿಮ್ಮಂಥ ಕುಟುಂಬಕ್ಕೆ ನಾನು ಗೌಶಾಲಾಕ್ಕಿಂತ ಬೌದ್ಧನಾಥವನ್ನು ಹೇಳುತ್ತೇನೆ. ಪಶುಪತಿನಾಥದಿಂದ ಎರಡು ಕಿ.ಮೀ. ಬೆಳಗಿನ ಜಾವ ಟ್ಯಾಕ್ಸಿಯಲ್ಲಿ ಹತ್ತೇ ನಿಮಿಷ. ನಡುವೆ ಬೆಳ್ಳಗೆ ದೊಡ್ಡ ಸ್ತೂಪ, ಮೇಲೆ ನಾಲ್ಕು ದಿಕ್ಕಿಗೂ ನೋಡುವ ಬುದ್ಧನ ಕಣ್ಣು, ಸುತ್ತ ಸಮನಾದ ಕಲ್ಲುಹಾಸು. ಅಲ್ಲಿಗೆ ವಾಹನ ಬಿಡುವುದಿಲ್ಲ. ಬೆಳಿಗ್ಗೆ, ಸಂಜೆ ಟಿಬೆಟಿನ ಮುದುಕಿಯರು ಜಪಮಣಿ ಎಣಿಸುತ್ತಾ ಪ್ರದಕ್ಷಿಣೆ ಹಾಕುತ್ತಾರೆ. ನಿಮ್ಮ ಅವ್ವ ಅವರ ಜೊತೆ ನಿಧಾನಕ್ಕೆ ನಡೆಯಬಹುದು, ಒಂದು ಮೆಟ್ಟಿಲೂ ಇಲ್ಲ. ಸುಸ್ತಾದರೆ ಅಂಚಿನ ಕಟ್ಟೆ ಮೇಲೆ ಕೂತರಾಯ್ತು. ಯಾರ ಮಾತು ಯಾರಿಗೂ ಅರ್ಥವಾಗದೆ ಇಬ್ಬರು ಮುದುಕಿಯರು ಅರ್ಧ ತಾಸು ಮಂಡಿ ತೋರಿಸಿಕೊಂಡು ಮಾತಾಡಿದ್ದನ್ನು ನಾನು ಕಂಡಿದ್ದೇನೆ. ಹಿಂದಿನ ಗಲ್ಲಿಗಳಲ್ಲಿ ಮಠಗಳು, ಮಠದವರೇ ನಡೆಸುವ ಅತಿಥಿಗೃಹಗಳು ಇವೆ. ಚೊಕ್ಕ, ಸದ್ದಿಲ್ಲ, ಸಸ್ಯಾಹಾರವೂ ಸಿಗುತ್ತದೆ. ಬೆಳಿಗ್ಗೆ ಐದಕ್ಕೆ ಉದ್ದನೆಯ ಕಹಳೆ ಮೊಳಗುತ್ತದೆ, ಬೆಚ್ಚಿಬೀಳಬೇಡಿ. ಮೂರು ರಾತ್ರಿ ಇಲ್ಲಿ ಇರಿ.

ಉಳಿದ ಎರಡು ರಾತ್ರಿ ಭಕ್ತಪುರ. ಆ ಕಣಿವೆಯಲ್ಲಿ ನನಗೆ ಯಾವ ಊರು ಇಷ್ಟ ಅಂತ ಕೇಳಿದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಇಡೀ ಹಳೇ ಊರು ಕೆಂಪು ಇಟ್ಟಿಗೆ. ನೆಲ ಇಟ್ಟಿಗೆ, ಗೋಡೆ ಇಟ್ಟಿಗೆ, ಕಿಟಕಿಗಳಿಗೆ ಮರದ ಕೆತ್ತನೆ. ಕುಂಬಾರರ ಚೌಕದಲ್ಲಿ ಗಡಿಗೆಗಳನ್ನು ಬಿಸಿಲಿಗೆ ಸಾಲಾಗಿ ಇಟ್ಟಿರುತ್ತಾರೆ. ಅದೇ ಮಣ್ಣಿನ ಬಟ್ಟಲಲ್ಲಿ ‘ಜುಜು ಧೌ’ ಅನ್ನುವ ಗಟ್ಟಿ ಸಿಹಿ ಮೊಸರು ಸಿಗುತ್ತದೆ, ಚಮಚ ನೆಟ್ಟರೆ ನಿಲ್ಲುತ್ತದೆ. ಐದು ಅಂತಸ್ತಿನ ನ್ಯಾತಪೋಲಾ ಗುಡಿಯನ್ನು ಭೂಪತೀಂದ್ರ ಮಲ್ಲ ಕಟ್ಟಿಸಿದ್ದು 1702ರಲ್ಲಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಪಕ್ಕದ ಎಷ್ಟೋ ಕಟ್ಟಡ ಬಿದ್ದರೂ ಅದು ನಿಂತಿತು. ಸಿಮ್ರೌನ್‌ಗಢದ ಕತೆ ಹೇಳಿದೆನಲ್ಲ, ಅದರ ಕಡೇ ಕೊಂಡಿ ಇಲ್ಲಿದೆ. 1324ರ ಸುಮಾರಿಗೆ ತುಘಲಕ್ ದಂಡಿಗೆ ಸೋತು ಗುಡ್ಡ ಹತ್ತಿದ, ಆ ಕರ್ಣಾಟ ವಂಶದ ಕಡೇ ದೊರೆ ಹರಿಸಿಂಹದೇವನ ಮನೆಯವರೇ ತಲೇಜು ದೇವಿಯನ್ನು ಇಲ್ಲಿಗೆ ತಂದರು ಅಂತ ಅಲ್ಲಿನವರ ನಂಬಿಕೆ. ಭಕ್ತಪುರದಲ್ಲಿ ಜಂಗಮ ಮಠ ಅಂತಲೇ ಒಂದು ಮಠ ಕೂಡ ಇದೆ. ಅಪ್ಪನಿಗೆ ಹೇಳಿ, ಖುಷಿಪಡುತ್ತಾರೆ.

ಆದರೆ ಅಲ್ಲಿ ರೂಮು ಹಿಡಿಯುವಾಗ ಹುಷಾರು. ಆ ಕಣಿವೆಯ ಮೂಲ ಜನ ನೇವಾರರ ಹಳೇ ಮನೆಗಳನ್ನೇ ಲಾಡ್ಜು ಮಾಡಿರುತ್ತಾರೆ. ಫೋಟೋದಲ್ಲಿ ಅರಮನೆ ಥರ ಕಾಣುತ್ತದೆ. ಒಳಗೆ ಏಣಿಯಂಥ ಕಡಿದಾದ ಮರದ ಮೆಟ್ಟಿಲು, ತಲೆ ಬಗ್ಗಿಸದಿದ್ದರೆ ಹಣೆಗೆ ಪೆಟ್ಟು ಕೊಡುವ ಬಾಗಿಲು. ನೆಲಮಹಡಿ ರೂಮು ಕೊಡುತ್ತೇವೆ ಅಂದರೆ ಮಾತ್ರ ಹಿಡಿಯಿರಿ. ಇಲ್ಲದಿದ್ದರೆ ಊರ ಅಂಚಿನಲ್ಲಿ ಹೊಸ ಕಟ್ಟಡದ ಹೋಟೆಲ್ ನೋಡಿ, ಕಾರು ಬಾಗಿಲವರೆಗೂ ಬರುತ್ತದೆ. ಹಳೇ ಊರೊಳಗೆ ಹೋಗಲು ಟಿಕೆಟ್ ಇದೆ. ನಮ್ಮಂಥ ಸಾರ್ಕ್ ದೇಶದವರಿಗೆ ಬೇರೆ ದರ, ಕಮ್ಮಿ. ಗುರುತಿನ ಚೀಟಿ ಜೇಬಿನಲ್ಲಿರಲಿ.

ಮಕ್ಕಳ ಹಿಮದ ಬೆಟ್ಟಕ್ಕೆ ದಾರಿ ಇಲ್ಲಿಂದಲೇ. ಭಕ್ತಪುರದಿಂದ ಸುಮಾರು 20 ಕಿ.ಮೀ. ಮೇಲೆ ನಗರಕೋಟ್, 2,100 ಮೀಟರಿಗೂ ಎತ್ತರ. ಬೆಳಿಗ್ಗೆ ನಾಲ್ಕೂವರೆಗೆ ಕಾರು ಹೇಳಿಡಿ. ಮೋಡ ಇಲ್ಲದಿದ್ದರೆ ಬೆಟ್ಟದ ಸಾಲು ಒಂದೊಂದೇ ಕೆಂಪಾಗುತ್ತಾ ಬರುತ್ತದೆ. ಎವರೆಸ್ಟ್ ತೋರಿಸುತ್ತೇನೆ ಅಂತ ಡ್ರೈವರ್ ಬೆರಳು ಮಾಡುತ್ತಾನೆ. ಅಲ್ಲಿಂದ ಅದು ಸಾಸಿವೆಯಷ್ಟು, ಅದೂ ದಿನ ಒಳ್ಳೇದಿದ್ದರೆ. ಸಾಲಿನಲ್ಲಿ ಎದ್ದು ಕಾಣೋದು ಲಾಂಗ್‌ಟಾಂಗ್ ಕಡೆಯ ಶಿಖರಗಳು. ನಗರಕೋಟ್‌ನಲ್ಲೇ ರಾತ್ರಿ ಉಳಿಯಿರಿ ಅಂತ ಹಲವರು ಹೇಳುತ್ತಾರೆ. ಐದು ರಾತ್ರಿಗೆ ಮೂರು ಕಡೆ ಪೆಟ್ಟಿಗೆ ಕಟ್ಟಿ ಬಿಚ್ಚೋದು ವಯಸ್ಸಾದವರಿಗೆ ಹಿಂಸೆ, ನಾನಂತೂ ಒಪ್ಪುವುದಿಲ್ಲ.

ದಿನಾಂಕದ ಬಗ್ಗೆ ಒಂದು ಮುಖ್ಯ ಮಾತು. ನಮ್ಮ ದಸರಾವೇ ಅವರ ದಶೈಂ, ವರ್ಷದ ದೊಡ್ಡ ಹಬ್ಬ. ನಮ್ಮಲ್ಲಿ ಘಟ ಹಾಕಿ ಸಸಿ ಬೆಳೆಸುತ್ತಾರಲ್ಲ, ಅವರೂ ‘ಜಮರಾ’ ಅಂತ ಬಾರ್ಲಿ ಸಸಿ ಬೆಳೆಸಿ ದಶಮಿಯಂದು ತಲೆಗೆ ಮುಡಿಯುತ್ತಾರೆ. ನಮ್ಮ ಬನ್ನಿ ಬಂಗಾರದ ಹಾಗೇ, ಹಿರಿಯರ ಮನೆಗೆ ಹೋಗಿ ಹಣೆ ತುಂಬಾ ಟೀಕಾ ಹಚ್ಚಿಸಿಕೊಂಡು ಬರುತ್ತಾರೆ. ಬಿದಿರು ನೆಟ್ಟು ಎತ್ತರದ ಜೋಕಾಲಿ ಕಟ್ಟುತ್ತಾರೆ, ನಮ್ಮ ಪಂಚಮಿ ಜೋಕಾಲಿಯ ಅಣ್ಣ ಅನ್ನಬಹುದು. ಎಲ್ಲ ಚೆಂದ. ಆದರೆ ಅಷ್ಟಮಿ, ನವಮಿಯಂದು ದೇವಿ ಗುಡಿಗಳಲ್ಲಿ ಆಡು, ಕೋಣ ಕಡಿಯುತ್ತಾರೆ. ಭಕ್ತಪುರದಲ್ಲಿ ಅದು ಜೋರು, ಬೀದಿಯಲ್ಲೇ ಕಾಣುತ್ತದೆ. ನಿಮ್ಮಂಥ ಸಸ್ಯಾಹಾರಿ ಮನೆಗೆ ಆ ಎರಡು ದಿನ ಅಲ್ಲಿ ಇರೋದು ಬೇಡ. ಇನ್ನೊಂದು, ಆಗ ಅಂಗಡಿ ಮುಚ್ಚಿರುತ್ತವೆ, ಟ್ಯಾಕ್ಸಿಯವರು ಊರಿಗೆ ಹೋಗಿರುತ್ತಾರೆ. ದಶಮಿ ಮುಗಿದ ಎರಡು ಮೂರು ದಿನಕ್ಕೆ ಅಲ್ಲಿ ಇಳಿಯುವ ಹಾಗೆ ಟಿಕೆಟ್ ಮಾಡಿಸಿ. ಅಷ್ಟು ಹೊತ್ತಿಗೆ ಮೋಡವೂ ಸರಿದಿರುತ್ತದೆ. ಅಲ್ಲಿ ವಾರದ ರಜೆ ಶನಿವಾರ, ಗುಡಿಗಳಲ್ಲಿ ಅವತ್ತು ಜನ ಜಾಸ್ತಿ.

ರೂಮು ಕಾಯ್ದಿರಿಸುವ ಮುಂಚೆ ಆಪ್ ಮೇಲೆ ಒತ್ತಿ ಸುಮ್ನೆ ಕೂರಬೇಡಿ, ಫೋನು ಮಾಡಿ. ಹಿಂದಿಯಲ್ಲೇ ಮಾತಾಡಿ, ನಮ್ಮ ಬೀದರಿನ ಹಿಂದಿ ಅಲ್ಲಿ ಸಲೀಸಾಗಿ ನಡೆಯುತ್ತದೆ. ಲಿಫ್ಟ್ ಇದೆಯಾ ಅಂತ ಕೇಳಬೇಡಿ, ಇವತ್ತು ಓಡುತ್ತಿದೆಯಾ ಅಂತ ಕೇಳಿ. ಟ್ಯಾಕ್ಸಿ ಬಾಗಿಲಿಗೆ ಬರುತ್ತದಾ, ಗಲ್ಲಿ ತುದಿಯಲ್ಲಿ ನಿಲ್ಲುತ್ತದಾ? ಬಿಸಿನೀರು ಸೋಲಾರ್‌ನದಾ? ಸೋಲಾರ್ ಆದರೆ ಬೆಳಿಗ್ಗೆ ನಾಲ್ಕಕ್ಕೆ ನಿಮ್ಮ ಅವ್ವನಿಗೆ ತಣ್ಣೀರೇ ಗತಿ. ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಇದ್ದು ಕಿಟಕಿ ಇಲ್ಲದಿದ್ದರೆ ಆ ರೂಮು ಬೇಡವೇ ಬೇಡ. ಅದರ ವಿಷಗಾಳಿ ಕಣ್ಣಿಗೆ ಕಾಣದೆ ಜೀವ ತೆಗೆಯುತ್ತದೆ. ಕಡೆಯದಾಗಿ ಬಾಡಿಗೆ. ಎರಡು ಸಾವಿರ ಅಂದರೆ ‘ಐಸಿ’ನಾ ‘ಎನ್‌ಸಿ’ನಾ ಅಂತ ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದು. ನಮ್ಮ 100 ರೂಪಾಯಿಗೆ ಅವರ 160. ಈ ಲೆಕ್ಕ 1993ರಿಂದ ಬದಲಾಗಿಲ್ಲ. 13% ವ್ಯಾಟ್ ಒಳಗಿದೆಯಾ ಹೊರಗಾ ಅನ್ನೋದನ್ನೂ ಕೇಳಿಬಿಡಿ. ಬಿಲ್ಲಿನ ಮೇಲಿನ ವರ್ಷ ನೋಡಿ ಗಾಬರಿಯಾಗಬೇಡಿ. ಅವರದು ವಿಕ್ರಮ ಸಂವತ್, ನಮಗಿಂತ 56-57 ವರ್ಷ ಮುಂದೆ. ಗಡಿಯಾರ ಮಾತ್ರ ಹದಿನೈದೇ ನಿಮಿಷ ಮುಂದೆ.

ದುಡ್ಡು ನೂರರ ನೋಟುಗಳಲ್ಲಿ ಒಯ್ಯಿರಿ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ನೂರಕ್ಕೆ ಯಾರ ತಕರಾರೂ ಇಲ್ಲ. ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಅದನ್ನೇ ನಂಬಿ ಹೋಗಬೇಡಿ. ಟ್ಯಾಕ್ಸಿಯವರು ಮೀಟರ್ ಹಾಕುವುದಿಲ್ಲ. ಅಲ್ಲಿನ ಸಿಮ್ ಹಾಕಿಕೊಂಡು ಪಠಾವೋ ಅಥವಾ ಇನ್‌ಡ್ರೈವ್ ಆಪ್‌ನಲ್ಲಿ ಕಾರು ಕರೆಸಿ, ಚೌಕಾಸಿ ತಪ್ಪುತ್ತದೆ.

ಊಟಕ್ಕೆ ದಾಲ್‌ಭಾತ್ ಎಲ್ಲ ಕಡೆ ಇದೆ, ಅನ್ನ ಬೇಳೆ ಪಲ್ಯ ಕೇಳಿದಷ್ಟು ಬಡಿಸುತ್ತಾರೆ. ಮೋಮೋ ಅಂದರೆ ಅಲ್ಲಿ ಹೆಚ್ಚಾಗಿ ಎಮ್ಮೆ ಮಾಂಸದ್ದು. ವೆಜ್ ಅಂತ ಕೇಳಿದರೂ ಎಷ್ಟೋ ಕಡೆ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಮಡಿ ಇರುವವರು ‘ಶುದ್ಧ ಶಾಕಾಹಾರಿ’ ಬೋರ್ಡ್ ಇರುವ ಭೋಜನಾಲಯಕ್ಕೇ ಹೋಗಿ, ಗೌಶಾಲಾ ಸುತ್ತ ಸಿಗುತ್ತವೆ. ಮನೆಯಿಂದ ಕಡಕ್ ರೊಟ್ಟಿ ಒಂದು ಡಬ್ಬಿ, ಶೇಂಗಾ ಹಿಂಡಿ ಒಂದು ಪೊಟ್ಟಣ ಕಟ್ಟಿಕೊಳ್ಳಿ. ಮೂರನೇ ದಿನ ಅಪ್ಪ ಅನ್ನ ನೋಡಿ ಮುಖ ತಿರುಗಿಸುತ್ತಾರೆ. ಆಗ ಭಕ್ತಪುರದ ಅಂಗಡಿಯಲ್ಲಿ ಸಪ್ಪೆ ಮೊಸರು ಕೇಳಿ ತಂದು ರೊಟ್ಟಿ ಜೊತೆ ಕೊಡಿ.

ವಿಮಾನದಲ್ಲಿ ಸೀಟು ಆರಿಸುವಾಗ ದೆಹಲಿಯಿಂದ ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ. ಮೋಡದ ಮೇಲೆ ಹಿಮದ ಸಾಲು ಉದ್ದಕ್ಕೂ ಕಾಣುತ್ತದೆ. ನಗರಕೋಟ್‌ನಲ್ಲಿ ಮಂಜು ಕವಿದು ಏನೂ ಕಾಣದೇ ಹೋದರೂ ಮಕ್ಕಳಿಗೆ ಇದೊಂದು ಸಿಕ್ಕೇ ಸಿಗುತ್ತದೆ. ಹೋಗುವಾಗ ಒಬ್ಬರಿಗೆ, ಬರುವಾಗ ಇನ್ನೊಬ್ಬರಿಗೆ ಕಿಟಕಿ ಅಂತ ಬೀದರಿನಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.